ಚಿಲಕದ ಶಾಸ್ತ್ರ

ಬೀಗ ರಿಪೇರಿ ಮಾಡುವ ಆ ಮನುಷ್ಯನಿಗೆ ಹೆತ್ತವರು ಪ್ರೀತಿಯಿಂದ ಇಟ್ಟ ಹೆಸರೊಂದು ಇತ್ತು. ಇಟ್ಟವರು ಹೋದ ಮೇಲೆ ಅದನ್ನು ಕೂಗುವವರೇ ಇಲ್ಲವಾದರು. ಇಡೀ ಬೀದಿಗೆ ಅವನು ಎಲ್ಲಿಂದಣ್ಣ. ಯಾಕೆ ಅಂತೀರಾ? ಬಾಯಿ ತೆರೆದರೆ ಅವನ ಮೊದಲ ಮಾತೇ ಅದು: “ಇದು ಎಲ್ಲಿಂದ ಬಂತು ಗೊತ್ತಾ?”

ನೀವು ಬೀಗದ ಕೈ ಕಳಕೊಂಡಿದ್ದೀರಿ, ಮನೆಯೊಳಗೆ ಒಲೆ ಮೇಲೆ ಹಾಲಿದೆ, ಬಾಯಿ ಬಾಯಿ ಬಡಕೊಂಡು ಅವನ ಅಂಗಡಿಗೆ ಓಡಿ ಬಂದಿದ್ದೀರಿ ಅಂತಿಟ್ಟುಕೊಳ್ಳಿ. ಅವನು ನಿಧಾನವಾಗಿ ಕನ್ನಡಕ ಒರೆಸಿಕೊಂಡು, “ಅಲ್ಲ ಸ್ವಾಮಿ, ಈ ಚಪ್ಪಾಳೆ ತಟ್ಟೋ ಪದ್ಧತಿ ಇದೆಯಲ್ಲ, ಇದು ಎಲ್ಲಿಂದ ಬಂತು ಗೊತ್ತಾ?” ಅನ್ನುತ್ತಾನೆ. ಯಾವುದೋ ಕಾಲದಲ್ಲಿ ಯಾವನೋ ರಾಜನ ಸಭೆಯಲ್ಲಿ ಒಬ್ಬ ಹಾಡುತ್ತಿದ್ದನಂತೆ. ಮುಂದಿನ ಸಾಲಿನಲ್ಲಿದ್ದ ಮುದುಕನೊಬ್ಬ ಎರಡು ಕೈಯಲ್ಲೂ ಸೊಳ್ಳೆ ಹೊಡೆದನಂತೆ. ಹಾಡುಗಾರ ಅದನ್ನು ಮೆಚ್ಚುಗೆ ಅಂದುಕೊಂಡು ತಲೆ ಬಾಗಿಸಿದ. ತಾವು ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲ ಅಂತ ಉಳಿದವರೂ ಇಲ್ಲದ ಸೊಳ್ಳೆ ಹೊಡೆದರು. ಅಲ್ಲಿಂದ ಶುರು! ಹೊಸ ಅಂಗಡಿ ತೆರೆಯುವಾಗ ಟೇಪು ಕತ್ತರಿಸುವುದು? ಯಾರೋ ಪುಣ್ಯಾತ್ಮ ಬೀಗ ಕಳೆದುಕೊಂಡು ಬಾಗಿಲಿಗೆ ಟೇಪು ಕಟ್ಟಿದ್ದನಂತೆ. ಇದಕ್ಕೆಲ್ಲ ಆಧಾರ ಏನಪ್ಪಾ ಅಂತ ಕೇಳಿದರೆ ಎಲ್ಲಿಂದಣ್ಣ ಛಾವಣಿ ನೋಡುತ್ತಾನೆ. ಅಷ್ಟರಲ್ಲಿ ನಿಮ್ಮ ಹಾಲು ಉಕ್ಕಿ, ಪಾತ್ರೆ ಸೀದು, ಪಕ್ಕದ ಮನೆಯವರು ನಿಮ್ಮ ಬಾಗಿಲು ಒಡೆದಿರುತ್ತಾರೆ. ಆಮೇಲೆ ಆ ಬಾಗಿಲಿಗೆ ಹೊಸ ಬೀಗ ಹಾಕುವವನೂ ಅವನೇ ಅನ್ನಿ.

ಊರ ಬೀಗಗಳನ್ನೆಲ್ಲ ನೆಟ್ಟಗೆ ಮಾಡುವ ಈ ಮಹಾಶಯನ ಸ್ವಂತ ಮನೆಯ ಬಚ್ಚಲಿನ ಚಿಲಕ ಮಾತ್ರ ಕೆಟ್ಟು ಕೂತಿತ್ತು. ಹಿತ್ತಾಳೆಯ ಗಟ್ಟಿ ಚಿಲಕ. ಹಾಕುವಾಗ ಸಲೀಸಾಗಿ ಹೋಗುತ್ತಿತ್ತು, ತೆಗೆಯುವಾಗ ಹಟ ಹಿಡಿಯುತ್ತಿತ್ತು. ಒಂಚೂರು ಎತ್ತಿ, ಎಡಕ್ಕೆ ಅಲ್ಲಾಡಿಸಿ, ಮನಸ್ಸಿನಲ್ಲೇ ಬೈದರೆ ಸರಿಯುತ್ತಿತ್ತು.

“ಜಗತ್ತಿನ ಪದ್ಧತಿಗಳೆಲ್ಲ ಎಲ್ಲಿಂದ ಬಂದವು ಅಂತ ತಿಳಿದ ಮಹಾನುಭಾವರೇ,” ಅಂತ ಹೆಂಡತಿ ಕೈಮುಗಿಯುತ್ತಿದ್ದಳು, “ನಮ್ಮ ಬಚ್ಚಲಿನ ಚಿಲಕ ಎಲ್ಲಿಗೆ ಹೊರಟಿದೆ ಅಂತ ಒಮ್ಮೆ ನೋಡ್ತೀರಾ?”

“ನಾಳೆ ನೋಡೋಣ ಬಿಡೇ.”

ಆ ನಾಳೆಯ ಕಥೆಯೇ ಈಗ ನಾನು ಹೇಳಹೊರಟಿರುವುದು.

ಎಲ್ಲಿಂದಣ್ಣನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹಲ್ಲುನೋವು ಅಂತ ಒಬ್ಬ ದಂತವೈದ್ಯನ ಹತ್ತಿರ ಹೋದಳು. ಹಲ್ಲು ಕಿತ್ತಿದ್ದಾಯಿತು. ಆದರೂ ಹುಡುಗಿ ಹೋಗುವುದು ನಿಲ್ಲಲಿಲ್ಲ. ಬಾಯಲ್ಲಿ ಉಳಿದ ಹಲ್ಲುಗಳೆಲ್ಲ ಗಟ್ಟಿಯಾಗಿರುವುದನ್ನು ನೋಡಿ ಮನೆಯವರು ವಿಷಯ ಅರ್ಥಮಾಡಿಕೊಂಡರು. ಚಿಕ್ಕವಳು ಅಪ್ಪನ ಅಂಗಡಿಯಲ್ಲೇ ಪಕ್ಕದ ಸ್ಟೂಲಿನ ಮೇಲೆ ಕೂತು ಕೀಲಿ ಉಜ್ಜುವವಳು. ಅವಳ ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಒಂದು ಕೈ ಮೇಲು.

ದಂತವೈದ್ಯ ಹುಡುಗ ಬಂಗಾರದಂಥವನು. ತೊಡಕು ಇದ್ದದ್ದು ಅವನ ಸೋದರತ್ತೆಯಲ್ಲಿ. ತಾಯಿ ತಂದೆ ಇಲ್ಲದ ಹುಡುಗನನ್ನು ಸಾಕಿ ಬೆಳೆಸಿದವರು ಅವರು, ನಿವೃತ್ತ ಹೆಡ್‌ಮಿಸ್. ಅವರು ಬಂದು ಕೂತರೆ ಕುರ್ಚಿಯೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿತ್ತು. ಮಾತುಕತೆಗೆ ಬಂದವರು ಚಹಾ ಮುಟ್ಟುವ ಮೊದಲೇ ಕೇಳಿದರು.

“ನಿಮ್ಮ ಮನೆತನದ ಮದುವೆ ಪದ್ಧತಿ ಏನು?”

“ಪದ್ಧತಿ ಅಂದರೆ...” ಅಂತ ಹೆಂಡತಿ ರಾಗ ಎಳೆದಳು.

“ನಮ್ಮಲ್ಲಿ ಮದುವೆ ದಿನ ಬೆಳಗ್ಗೆ ಮದುಮಗ ಮನೆಯ ಗೋಡೆ ಗಡಿಯಾರಕ್ಕೆ ಕೀಲಿ ಕೊಡಬೇಕು. ನಮ್ಮ ಮುತ್ತಜ್ಜನ ಕಾಲದಿಂದ ನಡೆದು ಬಂದಿದೆ. ಗಡಿಯಾರ ನಿಂತು ಎಷ್ಟೋ ಕಾಲ ಆಯ್ತು, ಆದರೂ ಕೀಲಿ ಕೊಡೋದು ಬಿಟ್ಟಿಲ್ಲ. ತನ್ನದು ಅಂತ ಒಂದು ಪದ್ಧತಿ ಇಲ್ಲದ ಮನೆ ನಿಂತ ನೀರಿನ ಹಾಗೆ. ಅಂಥ ಮನೆಗೆ ನಮ್ಮ ಹುಡುಗನ್ನ ಕೊಡೋದು ಹೇಗೆ ಹೇಳಿ?”

ಎಲ್ಲಿಂದಣ್ಣನ ವಂಶದ ಮದುವೆ ಪದ್ಧತಿ ಏನೆಂದರೆ ಚೆನ್ನಾಗಿ ಉಂಡು ಅಲ್ಲೇ ಮಲಗುವುದು. ಅದನ್ನು ಹೇಳಿ ಸುಮ್ಮನಾಗಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ಇಡೀ ಬೀದಿಗೆ ಪದ್ಧತಿಗಳ ಪಂಡಿತನಾದವನು ತನ್ನ ಮನೆಯಲ್ಲೇ ಪದ್ಧತಿ ಇಲ್ಲ ಅಂತ ಯಾವ ಬಾಯಲ್ಲಿ ಹೇಳಿಯಾನು?

“ಇದೆ ಅಮ್ಮಾವ್ರೇ!” ಅಂದುಬಿಟ್ಟ. “ಭಾರೀ ಹಳೇದು. ಆದರೆ ಮುಂಚೆ ಹೇಳೋ ಹಾಗಿಲ್ಲ. ಮದುವೆ ದಿನವೇ ನೋಡಬೇಕು.”

ಅತ್ತೆಯವರ ಮುಖದಲ್ಲಿ ಮೊದಲ ಬಾರಿ ಗೌರವ ಕಾಣಿಸಿತು. “ಹಾಗಾದರೆ ಅದು ನಡೆದ ಮೇಲೇ ನಮ್ಮ ಹುಡುಗ ಮದುವೆ ಪುಸ್ತಕಕ್ಕೆ ರುಜು ಹಾಕ್ತಾನೆ,” ಅಂದು ಚಹಾ ಕುಡಿದರು.

ಅವರು ಗೇಟು ದಾಟಿದ್ದೇ ತಡ, ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. “ಯಾವ ಪದ್ಧತಿ ರೀ ಅದು?”

“ಯೋಚನೆ ಮಾಡ್ತಿದೀನಿ.”

ದೊಡ್ಡವಳು ಅಳುವುದಕ್ಕೇ ಶುರುಮಾಡಿದಳು. “ಅಪ್ಪ, ಅತ್ತೆ ಬೇಡ ಅಂದರೆ ಇವರು ರುಜು ಹಾಕೋದಿಲ್ಲ. ಸಾಕಿದವರ ಮಾತು ಮೀರೋದಿಲ್ಲ. ನನ್ನ ಬಾಳು ನಿನ್ನ ಬಾಯಲ್ಲಿ ಸಿಕ್ಕಿಹಾಕಿಕೊಂಡಿದೆ!”

“ಎಲ್ಲರ ಕೈಯಲ್ಲೂ ಸೊಳ್ಳೆ ಹೊಡೆಸಿಬಿಡು ಅಪ್ಪ,” ಅಂದಳು ಚಿಕ್ಕವಳು.

ಎಲ್ಲಿಂದಣ್ಣ ತಲೆ ಕೆರೆದುಕೊಂಡ. ಬೀಗರೆಲ್ಲ ಒಂಟಿ ಕಾಲಲ್ಲಿ ಮನೆ ಸುತ್ತುವ ಪದ್ಧತಿ ಹೊಳೆಯಿತು. ಹೆಂಡತಿ ತನ್ನ ಮಂಡಿ ತೋರಿಸಿದಳು. ಮದುಮಗ ಕಣ್ಣು ಕಟ್ಟಿಕೊಂಡು ಬೀಗ ತೆಗೆಯುವುದು ಹೊಳೆಯಿತು. ಹುಡುಗ ಹಲ್ಲಿನ ಡಾಕ್ಟರು, ಕೈಗೆ ಪೆಟ್ಟಾದರೆ ಉಣ್ಣುವುದು ಏನನ್ನು ಅಂತ ದೊಡ್ಡವಳು ಮುಖ ಊದಿಸಿದಳು. ಹೀಗೆ ಒಂದೊಂದೇ ಪದ್ಧತಿ ಹುಟ್ಟುತ್ತಾ ಸಾಯುತ್ತಾ ಮದುವೆಯ ಬೆಳಗು ಬಂದೇಬಿಟ್ಟಿತು. ಎಲ್ಲಿಂದಣ್ಣನ ತಲೆ ಮಾತ್ರ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ.

ಮದುವೆ ಮನೆಯಲ್ಲೇ. ಹಾಲಿನ ತುಂಬ ಬಾಡಿಗೆ ಕುರ್ಚಿ, ಮೇಜಿನ ಮೇಲೆ ಹೂವು. ಮೂಲೆಯ ಬೇಕರಿಯವನು ಸಿಹಿತಿಂಡಿಯ ಟ್ರೇ ಹೊತ್ತು ತಂದವನು ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದ. ನೋಂದಣಿ ಅಧಿಕಾರಿಯೂ ಬಂದರು. ಸಣಕಲು ಮನುಷ್ಯ, ಕಂಕುಳಲ್ಲಿ ದಪ್ಪ ಪುಸ್ತಕ. “ಹುಡುಗ ಹುಡುಗಿ ರುಜು ಹಾಕಬೇಕು, ಹುಡುಗಿ ತಂದೆ ಸಾಕ್ಷಿ ಹಾಕಬೇಕು, ನಾನು ಇನ್ನೊಂದು ಮದುವೆಗೆ ಓಡಬೇಕು,” ಅಂತ ಬಂದ ತಕ್ಷಣವೇ ಗಡಿಯಾರ ನೋಡಿಕೊಂಡರು. ಅವರ ಎದುರಿಗೇ, ಮೊದಲ ಸಾಲಿನಲ್ಲಿ, ಅತ್ತೆಯವರು.

ಎಲ್ಲಿಂದಣ್ಣ ಮೆಲ್ಲಗೆ ಹಿಂದಕ್ಕೆ ಸರಿದ. ಇಂಥ ಹೊತ್ತಿನಲ್ಲಿ ನೆಮ್ಮದಿಯಾಗಿ ಯೋಚನೆ ಮಾಡುವುದಕ್ಕೆ ಸಂಸಾರಸ್ಥನಿಗೆ ಮನೆಯಲ್ಲಿ ಇರುವುದು ಒಂದೇ ಜಾಗ. ಹೊಸ ಕೋಟು ಹಾಕಿಕೊಂಡೇ ಬಚ್ಚಲುಮನೆಗೆ ನುಗ್ಗಿ, ಚಿಲಕ ಹಾಕಿ, ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ.

ಹೊರಗಿನಿಂದ ಅತ್ತೆಯವರ ಧ್ವನಿ ಕೇಳಿಸಿತು. “ಎಲ್ಲಿ ನಿಮ್ಮ ಪದ್ಧತಿ? ಶುರುವಾಗಲಿ.”

ಇನ್ನು ನಿಜ ಹೇಳಿ ಕಾಲು ಹಿಡಿಯುವುದೇ ದಾರಿ ಅಂತ ಎಲ್ಲಿಂದಣ್ಣ ಧೈರ್ಯ ಮಾಡಿ ಎದ್ದ. ಚಿಲಕ ಎತ್ತಿದ. ಎಡಕ್ಕೆ ಅಲ್ಲಾಡಿಸಿದ. ಬೈದ. ಮನಸ್ಸಿನಲ್ಲಿ ಬೈದದ್ದು ಸಾಲದೇನೋ ಅಂತ ಮೆಲ್ಲಗೆ ಬಾಯಿಬಿಟ್ಟೂ ಬೈದ. ಎರಡೂ ಕೈಯಿಂದ ಎಳೆದ. ಚಿಲಕದ ಹಿಡಿ ಕಿತ್ತು ಕೈಗೆ ಬಂತು. ಚಿಲಕ ಅಲ್ಲೇ ಉಳಿಯಿತು.

ಅವನು ಆ ಹಿಡಿಯನ್ನು ಬೆಳಕಿಗೆ ಹಿಡಿದು ನೋಡಿದ. ಒಳ್ಳೆಯ ಹಿತ್ತಾಳೆ, ಹಳೇ ಕಾಲದ ಕೆಲಸ. ಆಮೇಲೆ ತನ್ನ ಪರಿಸ್ಥಿತಿ ನೆನಪಾಯಿತು. ಉಪಕರಣಗಳೆಲ್ಲ ಅಂಗಡಿಯಲ್ಲಿ. ಕಿಟಕಿಗೆ ಕಬ್ಬಿಣದ ಸರಳು. ಬೆಕ್ಕು ಕೂಡ ನುಸುಳಬಾರದು ಅಂತ ತಾನೇ ನಿಂತು ಹಾಕಿದ ಸರಳು. ಕೂಗೋಣ ಅಂದರೆ ಹೊರಗೆ ಇಡೀ ಬೀದಿ ಕೂತಿದೆ. ಬೀಗ ರಿಪೇರಿಯವನು ಸ್ವಂತ ಬಚ್ಚಲಿನಲ್ಲಿ ಸಿಕ್ಕಿಬಿದ್ದ ಅಂತ ಗೊತ್ತಾದರೆ ನಾಳೆಯಿಂದ ಒಂದು ಡಬ್ಬಿಯ ಮುಚ್ಚಳ ತೆಗೆಸಲಿಕ್ಕೂ ಯಾರೂ ಅವನ ಹತ್ತಿರ ಬರುವುದಿಲ್ಲ. ಅದಾದರೂ ಹಾಳಾಗಲಿ, ಮಗಳ ಗತಿ? ಅವನಿಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ಬಾಗಿಲ ಮೇಲೆ ಉಗುರಿನಲ್ಲಿ ಕೆರೆದ ಸದ್ದು. “ಅಪ್ಪ,” ಅಂತ ಚಿಕ್ಕವಳ ಪಿಸುಮಾತು. “ಮತ್ತೆ ಕೆಟ್ಟಿತಾ?”

“ಹಿಡಿಯೇ ಕೈಗೆ ಬಂತಮ್ಮ.”

“ಅಯ್ಯೋ ದೇವರೇ! ಅಲ್ಲಿ ಅತ್ತೆ ಕುರ್ಚಿಯಿಂದ ಏಳ್ತಿದಾರೆ. ಪದ್ಧತಿ ಇಲ್ಲ ಅಂದರೆ ಹೊರಟೇ ಹೋಗ್ತಾರೆ.”

“ನಂಗೇನೂ ಹೊಳೀತಿಲ್ಲ. ನೀನೇ ಏನಾದರೂ ಮಾಡು ತಾಯಿ.”

ಚಿಕ್ಕವಳು ಹಾಲಿನ ಕಡೆ ತಿರುಗಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಇಡೀ ಹಾಲಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು. “ಎಲ್ಲರೂ ಈ ಕಡೆ ಬನ್ನಿ! ನಮ್ಮ ಮನೆತನದ ಚಿಲಕದ ಶಾಸ್ತ್ರ ಶುರುವಾಗಿದೆ!”

ಕುರ್ಚಿಗಳು ಕಿರುಗುಟ್ಟಿದವು. ಬೇಕರಿಯವನು ಟ್ರೇ ಸಮೇತ ಎದ್ದು ಬಂದ. ಬಚ್ಚಲಿನ ಮುಂದೆ ಜನವೋ ಜನ.

“ಮಗಳನ್ನು ಕಳಿಸಿಕೊಡೋಕೆ ಹೆತ್ತವನಿಗೆ ಮನಸ್ಸಾಗೋದಿಲ್ಲ,” ಅಂತ ಚಿಕ್ಕವಳು ಬಾಯಿಪಾಠ ಒಪ್ಪಿಸುವವಳ ಹಾಗೆ ಶುರುಮಾಡಿದಳು. “ಅದಕ್ಕೆ ಮದುವೆ ದಿನ ಒಳಗೆ ಹೋಗಿ ಚಿಲಕ ಹಾಕ್ಕೊಂಡು ಕೂರ್ತಾನೆ. ಅಳಿಯ ಆದವನು ಬಂದು ಕರೆದು, ಒಪ್ಪಿಸಿ, ಹೊರಗೆ ತರಬೇಕು. ತಂದರೆ ಮದುವೆ. ಇಲ್ಲದಿದ್ದರೆ ಇಲ್ಲ.”

ಅಕ್ಕ ಬೆಪ್ಪಾಗಿ ನೋಡಿದಳು. ಅಮ್ಮನಿಗೆ ಚಿಲಕದ ಪೂರ್ವಾಪರ ಗೊತ್ತಿದ್ದುದರಿಂದ ಸೆರಗು ಬಾಯಿಗೆ ತುರುಕಿಕೊಂಡಳು. ಪಾಪ, ಅಳು ತಡೆಯಲಾಗುತ್ತಿಲ್ಲ ಅಂದುಕೊಂಡರು ನೆರೆಯವರು.

“ಬಚ್ಚಲುಮನೆಯಲ್ಲೇ ಯಾಕೆ?” ಅಂತ ಅತ್ತೆಯವರು ಹುಬ್ಬು ಏರಿಸಿದರು.

ಚಿಕ್ಕವಳು ಕಣ್ಣು ಮಿಟುಕಿಸದೆ ಹೇಳಿದಳು. “ಗಂಡಸು ಅತ್ತರೂ ಮುಖ ತೊಳೆದ ಹಾಗೆ ಕಾಣಬೇಕಲ್ಲ ಅತ್ತೆ.”

ಆ ಮಾತಿಗೆ ಹೆಡ್‌ಮಿಸ್ ಅವರ ಗಲ್ಲ ಒಂದು ಸಲ ಅದುರಿತು. “ಹೋಗೋ, ಕರಿ,” ಅಂತ ಹುಡುಗನನ್ನು ಮುಂದೆ ತಳ್ಳಿದರು.

ದಂತವೈದ್ಯ ಬಾಗಿಲ ಮುಂದೆ ನಿಂತು ಕೈ ಹಿಸುಕಿಕೊಂಡ. “ಮಾವ... ಹೊರಗೆ ಬನ್ನಿ ಮಾವ.”

“ಬರೋಕಾಗ್ತಿಲ್ಲ ಮಗೂ,” ಅಂತ ಒಳಗಿನಿಂದ ಎಲ್ಲಿಂದಣ್ಣನ ಧ್ವನಿ ಬಂತು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹಾಲಿನ ತುಂಬ ನಿಟ್ಟುಸಿರು. ಯಾರೋ ಮೂಗು ಸೊರಗುಟ್ಟಿಸಿದರು.

“ನಿಮ್ಮ ಮಗಳನ್ನ ಚೆನ್ನಾಗಿ ನೋಡ್ಕೋತೀನಿ ಮಾವ.”

“ಅದು ಗೊತ್ತಪ್ಪ. ಕೈಯಲ್ಲಿ ಶಕ್ತಿ ಇಲ್ಲ. ನೀನೇ ತೆಗೀಬೇಕು.”

“ಕೇಳಿದಿರಾ?” ಅಂತ ಅತ್ತೆಯವರು ಪಕ್ಕದವಳ ತೋಳು ಹಿಡಿದರು. “ಶಕ್ತಿ ಇಲ್ಲವಂತೆ. ಎಷ್ಟು ವರ್ಷ ಎತ್ತಿ ಆಡಿಸಿದ ಕೈಗಳೋ!”

ನೋಂದಣಿ ಅಧಿಕಾರಿ ಗಡಿಯಾರ ನೋಡಿ, “ಸಾಕ್ಷಿ ಒಂದು ಒಳಗಿಂದಲೇ ಹಾಕಲಿ,” ಅಂತ ಪುಸ್ತಕವನ್ನು ಬಾಗಿಲ ಕೆಳಗಿನ ಸಂದಿಗೆ ತುರುಕಿದರು. ರಟ್ಟು ದಪ್ಪ, ಹೋಗಲಿಲ್ಲ. ಅತ್ತೆಯವರು ಒಂದು ನೋಟ ನೋಡಿದರು. ಅಧಿಕಾರಿಗಳು ಪುಸ್ತಕ ಹಿಂದಕ್ಕೆಳೆದು, ತರಗತಿಯಲ್ಲಿ ಮಾತಾಡಿ ಸಿಕ್ಕಿಬಿದ್ದವರ ಹಾಗೆ ಮೂಲೆಗೆ ಹೋಗಿ ನಿಂತರು.

ಹುಡುಗ ಬಾಗಿಲು ಎಳೆದು ನೋಡಿದ. ಆಗ ಅವನಿಗೆ ವಿಷಯ ಹೊಳೆಯಿತು. ಹುಡುಗ ಬಂಗಾರದಂಥವನು ಅಂತ ನಾನು ಮೊದಲೇ ಹೇಳಿದೆನಲ್ಲ, ಬಾಯಿಬಿಡಲಿಲ್ಲ. ವೈದ್ಯರಿಗೆ ಎಲ್ಲಿಗೆ ಹೋದರೂ ಜೇಬಿನಲ್ಲಿ ಒಂದು ಉಪಕರಣ ಇರುವ ಅಭ್ಯಾಸ. ಹಲ್ಲಿನ ಸಂದಿ ಕೆದಕುವ ಬಾಗಿದ ಕಡ್ಡಿ ತೆಗೆದು ಬಾಗಿಲ ಸಂದಿಗೆ ತೂರಿಸಿದ. ಒಳಗಿನಿಂದ ಎಲ್ಲಿಂದಣ್ಣ ಹೇಳಿಕೊಡತೊಡಗಿದ. ಎಷ್ಟಾದರೂ ಕಸುಬುದಾರ.

“ಜೋರು ಮಾಡಬೇಡಪ್ಪ. ಒತ್ತಿದರೆ ಇನ್ನೂ ಬಿಗಿಯುತ್ತೆ.”

“ಸರಿ ಮಾವ.”

“ಮೊದಲು ಒಂಚೂರು ಎತ್ತಿ ಹಿಡಿ. ಹಳೇದು, ಅದಕ್ಕೂ ಹಟ ಇರುತ್ತೆ. ನೀನು ತಾಳ್ಮೆ ಕಳಕೋಬೇಡ. ನಿಧಾನಕ್ಕೆ ಅದೇ ದಾರಿಗೆ ಬರುತ್ತೆ.”

ಹೊರಗೆ ಗಂಡಸರು ತಲೆದೂಗಿದರು. ಹೆಂಗಸರು ತಮ್ಮ ತಮ್ಮ ಗಂಡಂದಿರ ಕಡೆ ತಿರುಗಿ, ಕೇಳಿಸಿಕೊಳ್ಳಿ ಅಂತ ಕಣ್ಣಲ್ಲೇ ತಿವಿದರು. ಸಂಸಾರದ ಮೇಲೆ ಇಂಥ ಉಪದೇಶವನ್ನು ಆ ಬೀದಿ ಕೇಳಿರಲೇ ಇಲ್ಲ.

ಟಕ್ ಅಂತ ಚಿಲಕ ಸರಿಯಿತು. ಬಾಗಿಲಿಗೆ ಒರಗಿ ನಿಂತಿದ್ದ ಎಲ್ಲಿಂದಣ್ಣ ಸೀದಾ ಅಳಿಯನ ಎದೆಗೆ ಬಂದು ಬಿದ್ದ. ಕೋಟಿಗೆ ಗ್ರೀಸು, ಕಣ್ಣಲ್ಲಿ ನೀರು, ಮುಷ್ಟಿಯಲ್ಲಿ ಚಿಲಕದ ಹಿಡಿ. ಬೇಕರಿಯವನು ಟ್ರೇ ಕೆಳಗಿಟ್ಟು ಚಪ್ಪಾಳೆ ತಟ್ಟಿದ. ತಾವು ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಅಂತ ಉಳಿದವರೂ ತಟ್ಟಿದರು.

ಅತ್ತೆಯವರು ಕಣ್ಣೊರೆಸಿಕೊಂಡು ಬಂದು ಹೇಳಿದರು. “ನಮ್ಮ ಗಡಿಯಾರದ ಪದ್ಧತಿ ಇದರ ಮುಂದೆ ಏನೂ ಅಲ್ಲ. ರುಜು ಹಾಕೋ!”

ಮದುವೆ ಆಯಿತು. ದೊಡ್ಡವಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನೋಂದಣಿ ಅಧಿಕಾರಿ ಇದ್ದರಲ್ಲ! ಆ ದಿನ ಮೂಲೆಯಲ್ಲಿ ನಿಂತು ಅವರು ಒಂದು ಪಾಠ ಕಲಿತಿದ್ದರು. ಮರುವಾರ ಇನ್ನೊಂದು ಮದುವೆಗೆ ಹೋದವರು ಪುಸ್ತಕ ಬಿಚ್ಚುವ ಮೊದಲು, “ಚಿಲಕದ ಶಾಸ್ತ್ರ ಆಯ್ತಾ?” ಅಂತ ಕೇಳಿದರು. ಸರ್ಕಾರದವರೇ ಕೇಳಿದ ಮೇಲೆ ಇಲ್ಲ ಅನ್ನುವವರು ಯಾರು? ಹುಡುಗಿಯ ಅಪ್ಪ ಗಾಬರಿಯಾಗಿ ಬಚ್ಚಲಿಗೆ ಓಡಿದ. ಅದರ ಮುಂದಿನ ಮದುವೆಯಲ್ಲಿ ಕೇಳುವ ಮೊದಲೇ ಓಡಿದ್ದರು.

ಬೇಕರಿಯವನು ಮಗಳ ಮದುವೆಗೆ ಒಂದು ಹೆಜ್ಜೆ ಮುಂದೆ ಹೋದ. ಅವನ ಮನೆಯ ಬಚ್ಚಲಿಗೆ ಬಾಗಿಲೇ ಇಲ್ಲ, ಬರೀ ಪರದೆ. ಹಾಗಾಗಿ ಹಿಟ್ಟಿನ ಕೋಣೆಯಲ್ಲಿ ಚಿಲಕ ಹಾಕಿಕೊಂಡ. ಅಳಿಯ ಮೂರು ಮಾತು ಆಡುವಷ್ಟರಲ್ಲಿ ಒಳಗೆ ದುಃಖ ಉಕ್ಕಿ, ಮೂಟೆಗೆ ಒರಗಿ, ಮೂಟೆ ಬಿದ್ದು, ಹೊರಗೆ ಬಂದಾಗ ಅಡಿಯಿಂದ ಮುಡಿಯವರೆಗೆ ಬಿಳಿ. ಆಮೇಲೆ ಕೆಲವರು ಹೊರಬಂದ ಅಪ್ಪನ ತಲೆಗೆ ಒಂದು ಚಿಟಿಕೆ ಹಿಟ್ಟು ಹಾಕದೆ ಮದುವೆ ಮುಗಿಸುವುದನ್ನೇ ಬಿಟ್ಟರು.

ಎಲ್ಲಿಂದಣ್ಣನ ಅಂಗಡಿಗೆ ಹೊಸ ಥರದ ಗಿರಾಕಿಗಳು ಬರತೊಡಗಿದರು. ಒಳ್ಳೊಳ್ಳೆಯ ಚಿಲಕಗಳನ್ನು ಕಾಗದದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು, “ಅಣ್ಣ, ಮುಂದಿನ ತಿಂಗಳು ಮಗಳ ಮದುವೆ. ಅಳಿಯ ಸುಲಭಕ್ಕೆ ತೆಗೀಬಾರದು, ಇದನ್ನ ಸ್ವಲ್ಪ ಕೆಡಿಸಿಕೊಡಿ,” ಅನ್ನುತ್ತಿದ್ದರು.

“ಕೆಡಿಸೋದಾ! ನಾನು ರಿಪೇರಿಯವನಪ್ಪ!”

“ನಿಮ್ಮ ಹಾಗೆ ಕೆಡಿಸೋಕೆ ಬೇರೆ ಯಾರಿಗೆ ಬರುತ್ತೆ ಹೇಳಿ.”

ಪಕ್ಕದ ಸ್ಟೂಲಿನಲ್ಲಿ ಚಿಕ್ಕವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎಲ್ಲಿಂದಣ್ಣನಿಗೆ ಮಾತ್ರ ಇದು ನುಂಗಲಾರದ ತುತ್ತಾಯಿತು. ಜೀವಮಾನವಿಡೀ ಪದ್ಧತಿಗಳ ಮೂಲ ಹೇಳಿಕೊಂಡು ಬಂದವನು ಅವನು. ಈಗ ಜಗತ್ತಿನಲ್ಲಿ ಒಂದೇ ಒಂದು ಪದ್ಧತಿಯ ಮೂಲ ಅವನಿಗೆ ನಿಜವಾಗಿ, ಕಣ್ಣಾರೆ, ಕೈಯಾರೆ ಗೊತ್ತು. ಹೇಳಿದರೆ ಯಾರೂ ನಂಬುವುದಿಲ್ಲ!

ಬೇಕರಿಯವನ ಹತ್ತಿರ ಬಾಯಿಬಿಟ್ಟ. “ಅದು ಎಲ್ಲಿಂದ ಬಂತು ಗೊತ್ತಾ? ನಮ್ಮನೆ ಚಿಲಕ ಕೆಟ್ಟಿತ್ತು ಕಣಯ್ಯ. ಅಷ್ಟೇ.” ಬೇಕರಿಯವನು ಗಿರಾಕಿಗಳ ಕಡೆ ತಿರುಗಿ, “ನೋಡಿ, ಇಷ್ಟು ದೊಡ್ಡ ಮನೆತನ, ಎಷ್ಟು ವಿನಯ,” ಅಂದ. ಅತ್ತೆಯವರ ಹತ್ತಿರವೂ ಒಂದು ಸಲ ತಪ್ಪೊಪ್ಪಿಕೊಳ್ಳಲು ಹೋದ. ಅವರು, “ನೀವು ಪದ್ಧತಿಗಳ ವಿಷಯದಲ್ಲಿ ಬಾಯಿಗೆ ಬಂದದ್ದು ಹೇಳ್ತೀರಿ ಅಂತ ಸೊಸೆ ಮೊದಲೇ ಹೇಳಿದಾಳೆ,” ಅಂದು ಮಾತು ಮುಗಿಸಿದರು.

ಕೊನೆಗೆ ವಿಶ್ವವಿದ್ಯಾಲಯದಿಂದ ಸಂಶೋಧಕಿಯೊಬ್ಬಳು ಬಂದಳು. ದಪ್ಪ ಕನ್ನಡಕ, ಕೈಯಲ್ಲಿ ರೆಕಾರ್ಡರು. ಮದುವೆ ಪದ್ಧತಿಗಳ ಮೂಲವೇ ಅವಳ ವಿಷಯವಂತೆ. ಎಲ್ಲಿಂದಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಅಂತೂ ಓದಿದವಳೊಬ್ಬಳು ಸಿಕ್ಕಳು, ಇವಳಾದರೂ ನಂಬುತ್ತಾಳೆ ಅಂತ ಅವಳನ್ನು ಬಚ್ಚಲುಮನೆಗೇ ಕರೆದುಕೊಂಡು ಹೋದ.

“ಇದೇ ಚಿಲಕ ಅಮ್ಮ. ಇಲ್ಲಿ ಕೂತಿದ್ದೆ, ಈ ಬಕೆಟ್ಟಿನ ಮೇಲೆ. ಹಿಡಿ ಕಿತ್ತುಬಂತು. ನನ್ನ ಚಿಕ್ಕ ಮಗಳು ನಿಂತ ನಿಲುವಲ್ಲಿ ಕಟ್ಟಿದ ಕಥೆ.”

ಸಂಶೋಧಕಿ ಬಕೆಟ್ಟಿನ ಚಿತ್ರ ತೆಗೆದುಕೊಂಡಳು. “ತುಂಬಾ ಚೆನ್ನಾಗಿದೆ ಸರ್. ಆದರೆ ಇದು ಹಳೇ ಕೋಟೆಗಳ ಕಾಲದ್ದು. ಕೋಟೆ ಬಾಗಿಲು ಹಾಕ್ಕೊಂಡ ದೊರೆ, ಹೊರಗೆ ನಿಂತ ಅಳಿಯ... ಸಾಲು ಸಾಲಾಗಿ ಕೂಡಿಬರುತ್ತೆ.”

“ಕೋಟೆ ಎಲ್ಲಿಂದ ಬಂತಮ್ಮ? ಇದು ಬಚ್ಚಲು!”

“ಆಚರಣೆಯ ಒಳಗೇ ಇರೋರಿಗೆ ಅದರ ಮೂಲ ಕಾಣೋದಿಲ್ಲ ಸರ್,” ಅಂತ ಅವಳು ಸಮಾಧಾನ ಹೇಳಿ, ಅವನ ಮುಂದೆಯೇ ಬರೆದುಕೊಂಡಳು: ಇದರ ಬಗ್ಗೆ ಜನರಲ್ಲಿ ಒಂದು ತಮಾಷೆಯ ಕಥೆಯೂ ಚಾಲ್ತಿಯಲ್ಲಿದೆ.

ಅವಳನ್ನು ಕಳಿಸಿ ಬಂದ ಎಲ್ಲಿಂದಣ್ಣ ಹೆಂಡತಿಯ ಮುಂದೆ ಕುಸಿದು ಕೂತ. “ನೀನಾದರೂ ಹೇಳೇ, ಅವತ್ತು ಚಿಲಕ ಕೆಟ್ಟಿತ್ತೋ ಇಲ್ಲವೋ?”

ಹೆಂಡತಿ ತರಕಾರಿ ಹೆಚ್ಚುತ್ತಾ ಹೇಳಿದಳು. “ಕೆಟ್ಟಿತ್ತು ರೀ. ಆದರೆ ಹೊರಗೆ ಬಂದಾಗ ನೀವು ಅಳ್ತಿದ್ರಿ. ಅದು ಚಿಲಕಕ್ಕಾ?”

ಅದಕ್ಕೆ ಅವನು ಛಾವಣಿ ನೋಡಿದ.

ಕಾಲ ಯಾರಿಗಾಗಿ ಕಾಯುತ್ತದೆ? ಚಿಕ್ಕವಳ ಮದುವೆಯೂ ಗೊತ್ತಾಯಿತು. ಹುಡುಗ ರೈಲಿನ ಇಂಜಿನ್ ಓಡಿಸುವವನು. ದೂರದ ಊರು. ಅಲ್ಲಿ ಬಾಡಿಗೆಗೆ ಒಂದು ಮಳಿಗೆಯನ್ನೂ ನೋಡಿಟ್ಟಿದ್ದ, ಚಿಕ್ಕವಳು ತನ್ನದೇ ಬೀಗದ ಅಂಗಡಿ ಇಡಲಿ ಅಂತ. ಎಲ್ಲಿಂದಣ್ಣ ಎಲ್ಲರ ಮುಂದೆ ಎದೆ ಸೆಟೆಸಿಕೊಂಡು ಓಡಾಡಿದ. “ನನ್ನ ಮಗಳು, ನನಗಿಂತ ಒಳ್ಳೆ ಕೈ,” ಅಂತ ಸಿಕ್ಕಸಿಕ್ಕವರಿಗೆ ಹೇಳಿದ. ಅಂಗಡಿಯಲ್ಲಿ ಮಾತ್ರ ಪಕ್ಕದ ಸ್ಟೂಲಿನ ಕಡೆ ನೋಡುವುದನ್ನು ಆದಷ್ಟು ತಪ್ಪಿಸಿದ.

ಮದುವೆಗೆ ಮೂರ್ನಾಲ್ಕು ದಿನ ಇರುವಾಗ ಚಿಕ್ಕವಳು ಸ್ಕ್ರೂಡ್ರೈವರು, ಎಣ್ಣೆ ಹಿಡಿದು ಬಚ್ಚಲಿಗೆ ಹೋದಳು. ಶಾಸ್ತ್ರದ ಚಿಲಕ ಇದ್ದ ಹಾಗೇ ಇರಬೇಕು ಅಂತ ಅತ್ತೆಯವರ ಕಟ್ಟಪ್ಪಣೆ ಇದ್ದುದರಿಂದ ಆ ಚಿಲಕವನ್ನು ಅಲ್ಲಿಯವರೆಗೆ ಯಾರೂ ಮುಟ್ಟಿರಲಿಲ್ಲ. “ಅವರಿಗೆ ನಾನು ಹೇಳ್ಕೋತೀನಿ,” ಅಂದಳು. “ನಾನು ಮದುಮಗಳು. ಆ ದಿನ ಬಾಗಿಲ ಹತ್ತಿರ ನಿಂತು ನಿನ್ನ ಮಾನ ಕಾಪಾಡೋಕೆ ಆಗಲ್ಲ. ನಿಜವಾಗಲೂ ಸಿಕ್ಕಿಹಾಕ್ಕೊಂಡರೆ ಏನು ಗತಿ?” ತಿರುಪು ಮೊಳೆ ಬಿಗಿದಳು, ಹಿಡಿ ಕೂಡಿಸಿದಳು, ಎಣ್ಣೆ ಬಿಟ್ಟಳು. ಚಿಲಕ ಬೆಣ್ಣೆಯ ಹಾಗೆ ಓಡಾಡಿತು.

ಮದುವೆಯ ದಿನ ಬೀದಿಗೆ ಬೀದಿಯೇ ಬಂದಿತ್ತು. ಶಾಸ್ತ್ರ ಹುಟ್ಟಿದ ಮನೆಯಲ್ಲೇ ಶಾಸ್ತ್ರ ಅಂದರೆ ಬಿಡುತ್ತಾರೆಯೇ? ಬೇಕರಿಯವನು ಒಂದು ಬಟ್ಟಲು ಹಿಟ್ಟು ಹಿಡಿದು ಮುಂದೆಯೇ ನಿಂತಿದ್ದ. ನೋಂದಣಿ ಅಧಿಕಾರಿ ಪುಸ್ತಕ ಬಿಚ್ಚದೆ ಕಾದರು. ಅತ್ತೆಯವರು ಉಸ್ತುವಾರಿ ವಹಿಸಿಕೊಂಡು, “ಯಾರೂ ಗದ್ದಲ ಮಾಡಕೂಡದು,” ಅಂತ ಬೆರಳು ಎತ್ತಿದರು. ಎಲ್ಲಿಂದಣ್ಣ ಒಳಗೆ ಹೋದ. ಚಿಲಕ ಹಾಕಿದ. ಬಕೆಟ್ಟು ಬೋರಲು ಹಾಕಿ ಕೂತ. ಈ ಸಲ ಎಲ್ಲ ನಾಟಕ. ಅಳಿಯ ನಾಲ್ಕು ಮಾತು ಆಡುತ್ತಾನೆ, ತಾನು ಬೆರಳಲ್ಲಿ ಚಿಲಕ ತಳ್ಳಿದರೆ ಬಾಗಿಲು ತೆರೆಯುತ್ತದೆ, ಮುಗಿಯಿತು.

“ಮಾವ, ಬನ್ನಿ ಹೊರಗೆ,” ಅಂದ ಹುಡುಗ. ದಿನವಿಡೀ ಇಂಜಿನ್ ಸದ್ದಿನಲ್ಲಿ ಇರುವವನು, ಧ್ವನಿ ದೊಡ್ಡದು. “ಅವಳಿಗೆ ಅಂಗಡಿ ಇಟ್ಟುಕೊಡ್ತೀನಿ. ನಿಮ್ಮ ನೆನಪಾದಾಗೆಲ್ಲ ರೈಲು ಹತ್ತಿಸಿ ಕಳಿಸ್ತೀನಿ. ನಾನೇ ಓಡಿಸ್ಕೊಂಡು ಬರ್ತೀನಿ.”

ಎಂಥ ಒಳ್ಳೆಯ ಮಾತು! ಎಲ್ಲಿಂದಣ್ಣ ಎದ್ದ. ಚಿಲಕದ ಮೇಲೆ ಬೆರಳು ಇಟ್ಟ. ಹೊಸದಾಗಿ ಕೂಡಿಸಿದ ಹಿಡಿ ತಣ್ಣಗಿತ್ತು. ಬೆರಳು ಅಲ್ಲೇ ನಿಂತಿತು.

ಹೊರಗೆ ಎಲ್ಲರೂ ಕಾದರು. ಹುಡುಗ ಇನ್ನೊಮ್ಮೆ ಕರೆದ. ಒಳಗಿನಿಂದ ಸದ್ದಿಲ್ಲ. ಬೇಕರಿಯವನು ಹಿಟ್ಟಿನ ಬಟ್ಟಲನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. “ಚಿಲಕ ಮತ್ತೆ...” ಅಂತ ಹೆಂಡತಿ ಬಾಯಿ ತೆರೆದು ನಾಲಿಗೆ ಕಚ್ಚಿಕೊಂಡಳು.

ಆಗ ಬಾಗಿಲ ಮೇಲೆ ಉಗುರಿನಲ್ಲಿ ಕೆರೆದ ಸದ್ದಾಯಿತು. ಮದುಮಗಳು ಹೊಸ ಬಟ್ಟೆ ಮುದುಡುವುದನ್ನೂ ಲೆಕ್ಕಿಸದೆ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು.

“ಅಪ್ಪ. ಮತ್ತೆ ಕೆಟ್ಟಿತಾ?”

“ಇಲ್ಲಮ್ಮ. ಚೆನ್ನಾಗಿದೆ. ಬೆರಳಲ್ಲಿ ತಳ್ಳಿದರೆ ಸಾಕು.”

“ಮತ್ತೆ ಬಾ.”

“ಬರೋಕಾಗ್ತಿಲ್ಲ ಮಗಳೇ.”

ಚಿಕ್ಕವಳಿಗೆ ಇಷ್ಟು ವರ್ಷದಲ್ಲಿ ಮೊದಲ ಸಲ ಮಾತು ಹೊಳೆಯಲಿಲ್ಲ. ನೋಂದಣಿ ಅಧಿಕಾರಿ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅತ್ತೆಯವರು ಬಾಗಿಲಿಗೆ ಬೆನ್ನು ಮಾಡಿ, ಜನರ ಕಡೆ ತಿರುಗಿ ನಿಂತು, ಒಬ್ಬರೂ ಹತ್ತಿರ ಬಾರದ ಹಾಗೆ ನೋಡಿಕೊಂಡರು.

“ಅಪ್ಪ,” ಅಂದಳು ಚಿಕ್ಕವಳು, ಮೂಗು ಒರೆಸಿಕೊಂಡು. “ಈ ಪದ್ಧತಿ ಎಲ್ಲಿಂದ ಬಂತು ಗೊತ್ತಾ?”

ಒಳಗೆ ಬಕೆಟ್ಟು ನೆಟ್ಟಗೆ ಇಟ್ಟ ಸದ್ದು. ಆಮೇಲೆ ನಲ್ಲಿ ಬಿಟ್ಟ ಸದ್ದು, ಮುಖಕ್ಕೆ ನೀರು ಎರಚಿಕೊಂಡ ಸದ್ದು.

“ಈಗ ಗೊತ್ತಾಯ್ತಮ್ಮ,” ಅಂದ ಎಲ್ಲಿಂದಣ್ಣ.

ಚಿಲಕ ಸರಿಯಿತು. ಮಗಳು ಎದ್ದು ದಾರಿ ಬಿಟ್ಟಳು. ಒದ್ದೆ ಮುಖದಲ್ಲಿ ಅವನು ಹೊರಗೆ ಬಂದ. ನಿಜಕ್ಕೂ ಮುಖ ತೊಳೆದವನ ಹಾಗೇ ಕಾಣುತ್ತಿ‌ದ್ದ. ಅಳಿಯನ ಕೈ ಹಿಡಿದುಕೊಂಡ. ಬೇಕರಿಯವನು ಹಾಕಿದ ಹಿಟ್ಟು ಒದ್ದೆ ಹಣೆಗೆ ಅಂಟಿತು, ಜನ ಚಪ್ಪಾಳೆ ತಟ್ಟಿದರು. ರುಜು ಹಾಕಲು ಮೇಜಿನ ಕಡೆ ಹೊರಟವನು ಏನೋ ನೆನಪಾದವನ ಹಾಗೆ ಹಿಂದಕ್ಕೆ ಬಂದು, ಕನ್ನಡಕ ಒರೆಸಿಕೊಂಡು, ಬಾಗಿಲ ಮುಂದೆ ಬಗ್ಗಿ, ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದ.

“ಮೊಳೆ ಚೆನ್ನಾಗಿ ಕೂಡಿಸಿದೀಯ,” ಅಂದ ಮಗಳಿಗೆ. “ಅಂಗಡಿ ಓಡುತ್ತೆ ಬಿಡು.”